ಒಡ್ಡು

ನಮ್ಮೂರಿನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.
ನಾರ್ತ್ ಡಕೋಟದಲ್ಲಿ, ಹೆದ್ದಾರಿ ಕೊಂಚ ಬಳಸಿ ಹೋಗುವ ಕಡೆ
ಒಂದು ಗೋಧಿಯ ಕಣಜ, ಒಂದು ಪೆಟ್ರೋಲು ಪಂಪು,
ಎರಡು ಚರ್ಚು. ಒಂದರ ಬಾಗಿಲು ಮುಚ್ಚಿ ಒಂಬತ್ತು ವರ್ಷ.
ನಾನು ಆರ್ವಿಡ್. ಚಳಿಗಾಲದಲ್ಲಿ ಹಿಮ ತಳ್ಳುತ್ತೇನೆ,
ಬೇಸಿಗೆಯಲ್ಲಿ ಅದೇ ರಸ್ತೆಯ ಗುಂಡಿ ಮುಚ್ಚುತ್ತೇನೆ.

ಬೆಳಗಿನ ಮೂರೂವರೆಗೆ ಎಂಜಿನ್ನು ಕೆಮ್ಮಿ ಕೆಮ್ಮಿ ಏಳುತ್ತದೆ.
ಆ ಹೊತ್ತಿನಲ್ಲಿ ನನಗೆ ಪ್ರಾರ್ಥನೆ ಬರುವುದಿಲ್ಲ, ಕಾಫಿ ಬರುತ್ತದೆ
ಫ್ಲಾಸ್ಕಿನಿಂದ, ಮುಚ್ಚಳ ತುಂಬ.
"ಕರ್ತನೇ" ಎಂದು ಶುರುವಾದದ್ದು
"ಈ ಹೀಟರ್ ಒಂದು" ಎಂಬಲ್ಲಿಗೆ ನಿಂತುಬಿಡುತ್ತದೆ.
ಅಷ್ಟಕ್ಕೇ ತಿಳಿದುಕೊಂಡಾನು ಅಂತ ಗೇರು ಹಾಕುತ್ತೇನೆ.

ನೇಗಿಲು ಅನ್ನುತ್ತಾರೆ ಈ ಅಲಗಿಗೆ. ಇದರ ಹಿಂದೆ ಯಾರೂ ಬಿತ್ತುವುದಿಲ್ಲ.
ನಡುವಿನದನ್ನು ಬಾಚಿ ಅಂಚಿಗೆ ಸರಿಸುತ್ತದೆ;
ಅಂಚು ಅಂದರೆ ಯಾರದೋ ಮನೆಯ ಬಾಯಿ.
ಆಂಬುಲೆನ್ಸಿಗೆ ದಾರಿ ಬಿಡಿಸಿಕೊಟ್ಟ ಇದೇ ಕೈ
ಬೊರ್ಗಿಲ್ಡಳ ಗೇಟಿಗೆ ಮೊಣಕಾಲೆತ್ತರ ಒಡ್ಡು ಕಟ್ಟಿ ಮುಂದೆ ಹೋಗುತ್ತದೆ.
ಎಂಬತ್ತೊಂದು ವರ್ಷದವಳು. ಪರದೆ ಒಂದಿಂಚು ಸರಿಸಿ ನೋಡುತ್ತಾಳೆ.
ನಾನು ಕೈ ಎತ್ತುತ್ತೇನೆ. ಪರದೆ ಬೀಳುತ್ತದೆ.

ಊರಿನ ಕಚೇರಿಗೆ ಮೂರು ಸಲ ದೂರು ಬರೆದಳು.
ಮೂರನೆಯದರಲ್ಲಿ ನನ್ನ ಹೆಸರಿನ ಕೆಳಗೆ ಎರಡು ಗೆರೆ.

ಭಾನುವಾರ ಹದಿನಾಲ್ಕು ಜನ, ಅದರಲ್ಲೊಂದು ಕೂಸು.
ಪಾಸ್ಟರ್ ಯೂನಿಸ್ ಮೂರು ಊರಿಗೆ ಒಬ್ಬಳೇ, ಹಿಮದ ಬೂಟಿನಲ್ಲೇ ಪೀಠ ಹತ್ತುತ್ತಾಳೆ.
ಪಾಪ ನಿವೇದನೆಗೆ ಒಂದು ನಿಮಿಷ ಮೌನ ಬಿಡುತ್ತಾಳೆ;
ರೇಡಿಯೇಟರು ಮಾತ್ರ ಟಿಕ್ಕು ಟಿಕ್ಕೆನ್ನುತ್ತದೆ.
ಕದ್ದಿಲ್ಲ, ಕೊಂದಿಲ್ಲ. ತಮ್ಮನ ಜೊತೆ ಮಾತು ಬಿಟ್ಟದ್ದೂ ಹಳೆಯದಾಯಿತು.
ತಡಕಿದರೆ ಕೈಗೆ ಸಿಗುವುದು ಒಡ್ಡುಗಳೇ:
ನೆಟ್ಟಗೆ ಹೋದ ನನ್ನ ದಾರಿಯ ಎರಡೂ ಬದಿ
ಯಾರ್ಯಾರ ಬಾಗಿಲಿಗೋ ತಿಳಿದೂ ತಿಳಿದೂ ಬಿಟ್ಟು ಬಂದದ್ದು.

ಫೆಬ್ರವರಿಯಲ್ಲಿ ಮಂಡಿ ಕೈಕೊಟ್ಟಿತು.
ಬಿಸ್ಮಾರ್ಕಿನ ಆಸ್ಪತ್ರೆ, ಆರು ದಿನ.
ಮನೆಗೆ ಬಂದ ರಾತ್ರಿಯೇ ಹನ್ನೊಂದು ಇಂಚು ಹಿಮ.
ಹಾಸಿಗೆಯಲ್ಲಿ ಬಿದ್ದು ಕೇಳಿದೆ: ನನ್ನ ಲಾರಿ ನನ್ನ ಬೀದಿಗೆ ಬಂತು,
ನಾನಿಲ್ಲದೆ. ಹೊಸ ಹುಡುಗ ಕೋಲ್ಟನ್ ಓಡಿಸುತ್ತಿದ್ದ.
ಅಲಗು ನೆಲ ಕೆರೆಯುವ ಸದ್ದು ಮನೆಯೊಳಗಿದ್ದವರಿಗೆ ಹೇಗಿರುತ್ತದೆಂದು
ಇಪ್ಪತ್ತಾರು ಚಳಿಗಾಲ ನನಗೆ ಗೊತ್ತಿರಲಿಲ್ಲ.
ನನ್ನ ಬಾಗಿಲಿಗೂ ಒಡ್ಡು ಬಿತ್ತು. ಚೆನ್ನಾಗಿಯೇ ಕಟ್ಟಿದ್ದ.
ನಾನೇ ಕಲಿಸಿದ್ದು.

ಬೆಳಕು ಹರಿದ ಮೇಲೆ ಕೋಲೂರಿ ಕಿಟಕಿಗೆ ಹೋದೆ.
ಒಡ್ಡಿನ ನಡುವೆ ಒಂದು ಸೀಳು,
ಒಬ್ಬ ಮನುಷ್ಯ ಓರೆಯಾಗಿ ತೂರುವಷ್ಟು; ಅದಕ್ಕಿಂತ ಅಗಲವಿಲ್ಲ.
ಹಿಮದ ಸಲಿಕೆಯ ಗುರುತಲ್ಲ, ಒಲೆಯ ಪುಟ್ಟ ಸಲಿಕೆಯದು,
ನೂರಿನ್ನೂರು ಸಲ ಎತ್ತಿ ಎತ್ತಿ ಹಾಕಿದ್ದು.
ಜಾರದಿರಲೆಂದು ಉದ್ದಕ್ಕೂ ಬೂದಿ ಚೆಲ್ಲಿತ್ತು.
ಸೌದೆ ಒಲೆ ಇನ್ನೂ ಉರಿಯುವುದು ಈ ಬೀದಿಯಲ್ಲಿ ಒಂದೇ ಮನೆಯಲ್ಲಿ.

ಫೋನು ಮಾಡಿದೆ. ಥ್ಯಾಂಕ್ಸ್ ಅನ್ನುವುದರೊಳಗೆ
"ನೀನು ಬೇಗ ಏಳು. ಆ ಹುಡುಗ ನಿನಗಿಂತ ಎತ್ತರ ಕಟ್ಟುತ್ತಾನೆ"
ಎಂದು ಇಟ್ಟೇಬಿಟ್ಟಳು.

ಮಧ್ಯಾಹ್ನ ಆ ಸೀಳಿನಲ್ಲಿ ಟಪಾಲು ಪೆಟ್ಟಿಗೆಯವರೆಗೆ ನಡೆದೆ,
ಹನ್ನೆರಡು ಹೆಜ್ಜೆ. ಕಾಗದ ಒಂದೂ ಇರಲಿಲ್ಲ.
ಅವತ್ತು ಬೂದಿ ಬುಧವಾರ.
ಹಣೆಗೆ ಹಚ್ಚಿಸಿಕೊಳ್ಳಲು ಚರ್ಚಿಗೆ ಹೋಗಲಾಗಲಿಲ್ಲ.
ಹೊಸಿಲಲ್ಲಿ ಬೂಟು ಕಳಚುವಾಗ ನೋಡಿದೆ,
ಅಡಿಗೆ ಹತ್ತಿತ್ತು.
ಒರೆಸದೆ ಹಾಗೇ ಗೋಡೆಗೆ ಒರಗಿಸಿಟ್ಟು "ಕರ್ತನೇ" ಎಂದೆ.
ಮುಂದಿನ ಮಾತು ಬರಲಿಲ್ಲ. ಹೀಟರಿನ ನೆನಪೂ ಬರಲಿಲ್ಲ.

ಈಗ ಅವಳ ಗೇಟಿನೆದುರು ಅಲಗನ್ನು ಕೊಂಚ ಓರೆ ಮಾಡುತ್ತೇನೆ.
ಒಡ್ಡು ಬೀಳುವುದು ತಪ್ಪುವುದಿಲ್ಲ, ನಾಲ್ಕು ಬೆರಳು ಕಡಿಮೆ ಅಷ್ಟೆ.
ಪರದೆ ಒಂದಿಂಚು ಸರಿಯುತ್ತದೆ. ಕೈ ಎತ್ತುತ್ತೇನೆ.
ಪರದೆ ಬೀಳುತ್ತದೆ,
ಮೊದಲಿಗಿಂತ ತುಸು ತಡವಾಗಿ.